ಶಿಫಾರಸು ಏಣಿ ಹತ್ತುವ ತನಕ

ಇಂಗ್ಲೆಂಡಿನಲ್ಲಿ ಪೊಲೀಸ್ ಪಡೆಗಳ ತಪಾಸಣೆಗೆ 1856ರಿಂದಲೂ ಒಂದು ಸರ್ಕಾರಿ ಸಂಸ್ಥೆ ಇದೆ. 2017ರಲ್ಲಿ ಅಗ್ನಿಶಾಮಕ ದಳಗಳ ತಪಾಸಣೆಯೂ ಅದರ ಪಾಲಿಗೆ ಬಂತು. ಮರುವರ್ಷದಿಂದ ಅದರ ತಪಾಸಕರು ಆ ದೇಶದ ನಲವತ್ತಕ್ಕೂ ಹೆಚ್ಚು ದಳಗಳನ್ನು ಸರದಿಯಂತೆ ನೋಡುತ್ತ ಬಂದಿದ್ದಾರೆ. ಅವರು ಕೇಳುವುದು ಮೂರು ಪ್ರಶ್ನೆ. ದಳ ಜನರನ್ನು ಎಷ್ಟು ಚೆನ್ನಾಗಿ ಕಾಪಾಡುತ್ತದೆ? ಕೊಟ್ಟ ಹಣವನ್ನು ಹೇಗೆ ಬಳಸುತ್ತದೆ? ತನ್ನ ಸಿಬ್ಬಂದಿಯನ್ನು ಹೇಗೆ ನಡೆಸಿಕೊಳ್ಳುತ್ತದೆ?

ಕಂಡ ಕೊರತೆಗಳೆಲ್ಲ ಒಂದೇ ತೂಕದವಲ್ಲ. ಸಾಧಾರಣವಾದದ್ದನ್ನು ‘ಸುಧಾರಿಸಬೇಕಾದ ಅಂಶ’ ಎಂದು ಬರೆಯುತ್ತಾರೆ. ಗಂಭೀರವಾದದ್ದು, ವ್ಯವಸ್ಥೆಯಲ್ಲೇ ಬೇರುಬಿಟ್ಟದ್ದು ‘ಕಳವಳಕ್ಕೆ ಕಾರಣ’ ಎನಿಸಿಕೊಳ್ಳುತ್ತದೆ. ಅದರ ಬೆನ್ನಿಗೇ ಶಿಫಾರಸು ಬರುತ್ತದೆ. ಆದರೆ ಶಿಫಾರಸು ಮಾಡಿದವರಿಗೆ ಅದನ್ನು ಜಾರಿ ಮಾಡಿಸುವ ಅಧಿಕಾರವಿಲ್ಲ. ದಳದ ಮೇಲಿನ ಪ್ರಾಧಿಕಾರವು ಕ್ರಿಯಾಯೋಜನೆಯೊಂದನ್ನು ತಯಾರಿಸಿ ಪ್ರಕಟಿಸಬೇಕು, ಕಾಲಕಾಲಕ್ಕೆ ಅದನ್ನು ತಿದ್ದುತ್ತಿರಬೇಕು, ಏನೂ ಮಾಡುವುದಿಲ್ಲ ಎಂದಾದರೆ ಕಾರಣ ಕೊಡಬೇಕು. ಕಟ್ಟುಪಾಡು ಇಷ್ಟೇ. ಪೂರ್ತಿ ಹಲ್ಲಿಲ್ಲದ ವ್ಯವಸ್ಥೆ ಎನ್ನುವಂತಿಲ್ಲ. ಎಲ್ಲರೂ ಓದುವ ವರದಿಯಲ್ಲಿ ಹೆಸರು ಕೆಡುವುದೆಂದರೆ ಯಾವ ದಳಕ್ಕೂ ಹಗುರ ಮಾತಲ್ಲ.

ಶಿಫಾರಸಿಗೆ ಕಾಗದದಲ್ಲಿ ಉತ್ತರ ಕೊಡುವುದು ಸುಲಭ. ಅದು ಬೆಂಕಿಯ ಮುಂದೆ ನಿಂತವನ ಕೈಗೆ ತಲುಪುವುದು ಕಷ್ಟ. ಈ ಅಂತರವನ್ನು ಲಂಡನ್ ಅಗ್ನಿಶಾಮಕ ದಳದಷ್ಟು ದುಬಾರಿ ಬೆಲೆ ತೆತ್ತು ಕಲಿತವರು ಕಡಿಮೆ.

2009ರ ಜುಲೈ 3ರಂದು ದಕ್ಷಿಣ ಲಂಡನ್ನಿನ ಲಕನಾಲ್ ಹೌಸ್ ಎಂಬ 14 ಅಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿದ್ದು ಆರು ಜನ ಸತ್ತರು, ಅವರಲ್ಲಿ ಮೂವರು ಮಕ್ಕಳು. ವಿಚಾರಣೆ ನಡೆಸಿದ ನ್ಯಾಯಾಧಿಕಾರಿ 2013ರಲ್ಲಿ ದಳಕ್ಕೆ ಶಿಫಾರಸುಗಳನ್ನು ಕಳಿಸಿದರು. ಉತ್ತರ ಹೋಯಿತು, ನಿಯಮಗಳ ತಿದ್ದುಪಡಿಯೂ ಆಯಿತು. ನಾಲ್ಕು ವರ್ಷ ಕಳೆದು, 2017ರ ಜೂನ್ 14ರ ನಡುರಾತ್ರಿ 12.54ಕ್ಕೆ, 24 ಅಂತಸ್ತಿನ ಗ್ರೆನ್‌ಫೆಲ್ ಟವರಿನಿಂದ ಕಂಟ್ರೋಲ್ ರೂಮಿಗೆ ಮೊದಲ ಕರೆ ಬಂತು.

ಇಂಥ ಕಟ್ಟಡಗಳಲ್ಲಿದ್ದವರಿಗೆ ಇಂಗ್ಲೆಂಡಿನಲ್ಲಿ ಕೊಡುತ್ತಿದ್ದ ಸಲಹೆ, ‘ಇದ್ದಲ್ಲೇ ಇರಿ’. ಕಾಂಕ್ರೀಟ್ ಗೋಡೆಗಳ ನಡುವೆ ಬೆಂಕಿ ಒಂದು ಮನೆಯನ್ನು ದಾಟದು ಎಂಬ ಲೆಕ್ಕ. ಗ್ರೆನ್‌ಫೆಲ್‌ನಲ್ಲಿ ಹೊರಗೋಡೆಯ ಹೊದಿಕೆಯೇ ಹೊತ್ತಿಕೊಂಡು ಲೆಕ್ಕ ತಪ್ಪಿತು. ಸಿಕ್ಕಿಬಿದ್ದವರು ಯಾವ ಅಂತಸ್ತು, ಯಾವ ಮನೆ, ಎಷ್ಟು ಜನ ಎಂಬ ವಿವರ ಕಂಟ್ರೋಲ್ ರೂಮಿನಿಂದ ಕಟ್ಟಡದ ಬುಡಕ್ಕೆ ಬಂದು, ಅಲ್ಲಿಂದ ಚೀಟಿಗಳಲ್ಲಿ ಒಳಗೆ ಹೋಗುತ್ತಿತ್ತು. ಒಳಗಿನವರು ಅದನ್ನು ಗೋಡೆಯ ಮೇಲೆ ಬರೆದುಕೊಳ್ಳುತ್ತಿದ್ದರು. ಸ್ಥಳದಲ್ಲಿ ‘ಇದ್ದಲ್ಲೇ ಇರಿ’ ಎಂಬುದನ್ನು ಕೈಬಿಟ್ಟದ್ದು 2.47ಕ್ಕೆ, ಆಗಷ್ಟೇ ಹೊಣೆ ಹೊತ್ತ ಆ್ಯಂಡಿ ರೋ ಎಂಬ ಅಧಿಕಾರಿ. ಒಟ್ಟು 72 ಜನ ಸತ್ತರು.

ಸರ್ ಮಾರ್ಟಿನ್ ಮೂರ್-ಬಿಕ್ ಅವರ ವಿಚಾರಣಾ ಆಯೋಗದ ಮೊದಲ ವರದಿ 2019ರ ಅಕ್ಟೋಬರಿನಲ್ಲಿ ಬಂತು. ಆ ಸಲಹೆಯನ್ನು 1.30ರಿಂದ 1.50ರ ನಡುವೆಯೇ ಕೈಬಿಡಬೇಕಿತ್ತು, ಲಕನಾಲ್‌ನ ಪಾಠವನ್ನು ದಳ ಕಲಿತಿರಲಿಲ್ಲ ಎಂದು ಅದು ಹೇಳಿತು. ವರದಿಯ 46 ಶಿಫಾರಸುಗಳಲ್ಲಿ 29 ಲಂಡನ್ ದಳಕ್ಕೆ ಸೇರಿದ್ದವು. ಅದೇ ಡಿಸೆಂಬರಿನಲ್ಲಿ ತಪಾಸಕರ ವರದಿಯೂ ಬಂತು: ಮೂರೂ ಪ್ರಶ್ನೆಗೆ ‘ಸುಧಾರಣೆ ಬೇಕು’. 2020ರ ಜನವರಿಯಲ್ಲಿ ದಳದ ಮುಖ್ಯಸ್ಥರಾದವರು ಅದೇ ಆ್ಯಂಡಿ ರೋ.

ಇಷ್ಟಾದರೂ ಕೆಲಸ ಓಡಲಿಲ್ಲ. ತಪಾಸಕರು ಮತ್ತೆ ಹೋಗಿ ನೋಡಿ, 2021ರ ಆರಂಭದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 29ರಲ್ಲಿ ಮುಗಿದಿದ್ದದ್ದು ನಾಲ್ಕೇ. ಇದನ್ನು ಬರೀ ಸೋಮಾರಿತನ ಎನ್ನಲಾಗದು. ಸಾವಿರಾರು ಸಿಬ್ಬಂದಿಯ ದಳದಲ್ಲಿ ಹೊಸ ನಿಯಮ ಬರೆಯುವುದು ಕೆಲವು ವಾರಗಳ ಕೆಲಸ. ಪಾಳಿಯ ಮೇಲೆ ಪಾಳಿ ಎಲ್ಲರನ್ನೂ ಬಿಡಿಸಿ ತರಬೇತಿ ಕೊಡುವುದು ವರ್ಷಗಳ ಕೆಲಸ. ನಡುವೆ ಕೋವಿಡ್ ಬೇರೆ.

ನಿಧಾನವಾಗಿಯಾದರೂ ಕಣ್ಣಿಗೆ ಕಾಣುವ ಬದಲಾವಣೆಗಳು ಬಂದವು. ಗ್ರೆನ್‌ಫೆಲ್ ಸುಮಾರು 67 ಮೀಟರ್ ಎತ್ತರದ್ದು. ದಳದ ಬಳಿ ಆಗ ಇದ್ದ ಅತಿ ಉದ್ದದ ಏಣಿ 32 ಮೀಟರಿನದು. ಈಗ 64 ಮೀಟರಿನ ಏಣಿಗಳಿವೆ. ಚೀಟಿಯ ಜಾಗಕ್ಕೆ ಆ್ಯಪ್ ಬಂದಿದೆ: ಕರೆ ತೆಗೆದುಕೊಂಡವರು ಟೈಪ್ ಮಾಡಿದ್ದು ಸ್ಥಳದಲ್ಲಿರುವ ಅಧಿಕಾರಿಗೆ ಕೂಡಲೇ ಕಾಣುತ್ತದೆ. ವಾಹನಗಳಲ್ಲಿ ಹೊಗೆ-ಮುಸುಕುಗಳಿವೆ. ಸಿಕ್ಕಿಬಿದ್ದವರ ತಲೆಗೆ ಟೋಪಿಯಂತೆ ಎಳೆದರೆ ಮುಸುಕಿನ ಸೋಸಣಿಗೆ ಹೊಗೆಯ ವಿಷಾನಿಲವನ್ನು ಸುಮಾರು 15 ನಿಮಿಷ ತಡೆಯುತ್ತದೆ. ಹೊಗೆ ತುಂಬಿದ ಮೆಟ್ಟಿಲು ಇಳಿಯಲು ಸಿಗುವ ಆ ಅವಧಿ ಜೀವದಷ್ಟೇ ಬೆಲೆಯದು. 2021ರ ಮೇ ತಿಂಗಳಲ್ಲಿ ನ್ಯೂ ಪ್ರಾವಿಡೆನ್ಸ್ ವಾರ್ಫ್ ಎಂಬ ವಸತಿ ಸಂಕೀರ್ಣಕ್ಕೆ ಬೆಂಕಿ ಬಿದ್ದಾಗ ಹಲವರನ್ನು ಹೊರತಂದದ್ದು ಈ ಮುಸುಕಿನಲ್ಲೇ.

ಸಿಬ್ಬಂದಿಯ ಕುರಿತಾದ ಮೂರನೆಯ ಪ್ರಶ್ನೆಗೆ ಉತ್ತರ ಮಾತ್ರ ಕೊಂಡು ತರುವಂಥದಲ್ಲ. ದಳದೊಳಗಿನ ಜನಾಂಗೀಯ ತಾರತಮ್ಯ, ಹೆಂಗಸರ ಮೇಲಿನ ಕಿರುಕುಳಗಳನ್ನು 2022ರ ನವೆಂಬರಿನಲ್ಲಿ ಒಂದು ಸ್ವತಂತ್ರ ವರದಿ ಬಯಲಿಗೆಳೆಯಿತು. ಮರುತಿಂಗಳೇ ತಪಾಸಕರು ದಳವನ್ನು ಹೆಚ್ಚಿನ ನಿಗಾದಲ್ಲಿಟ್ಟರು. 29 ಶಿಫಾರಸುಗಳೂ ಮುಗಿದವೆಂದು ದಳ ಪ್ರಕಟಿಸಿದ್ದು, ಆ ನಿಗಾ ತೆರವಾದದ್ದು, ಎರಡೂ 2024ರಲ್ಲಿ.

ಅದೇ ವರ್ಷದ ಆಗಸ್ಟ್ 26ರ ನಸುಕಿನಲ್ಲಿ ಪೂರ್ವ ಲಂಡನ್ನಿನ ಡ್ಯಾಗನಮ್‌ನಲ್ಲಿ ಬಹುಮಹಡಿ ಕಟ್ಟಡವೊಂದು ಹೊತ್ತಿ ಉರಿಯಿತು. ಅದರ ಹೊರಗೋಡೆಯಲ್ಲೂ ಸುಡುವ ಹೊದಿಕೆಯಿತ್ತು. 40 ವಾಹನಗಳು, ಸುಮಾರು 225 ಸಿಬ್ಬಂದಿ ಹೋದರು. ಕಟ್ಟಡವನ್ನು ಖಾಲಿ ಮಾಡಿಸಿದರು. ಯಾರೂ ಸಾಯಲಿಲ್ಲ. ಒಂಬತ್ತು ದಿನ ಕಳೆದು ಗ್ರೆನ್‌ಫೆಲ್ ಆಯೋಗದ ಎರಡನೆಯ ವರದಿ ಹೊರಬಂತು. ಅದರಲ್ಲಿದ್ದ ಶಿಫಾರಸುಗಳು 58. ಲಂಡನ್ ದಳದ ಕಂಟ್ರೋಲ್ ರೂಮನ್ನು ತಪಾಸಕರು ಇನ್ನೊಮ್ಮೆ ಹೋಗಿ ನೋಡಬೇಕು ಎಂಬುದು ಅವುಗಳಲ್ಲೊಂದು.