ಹಳ್ಳದ ನೀರಿನ ಮೇಫ್ಲೈ ಮರಿಗಳನ್ನು ಸೂಕ್ಷ್ಮದರ್ಶಕದಿಂದ ಗುರುತಿಸುವ ಕ್ರಮ



ಗದ್ದೆಯ ನೀರಿನಲ್ಲಿ ಹುಳುವೊಂದು ಕಂಡೊಡನೆಯೇ ಔಷಧವನ್ನು ಸುರಿಯುವ ಅಭ್ಯಾಸವು ನಮ್ಮಲ್ಲಿ ಬೆಳೆದಿರುವುದು. ಹಾಗೆ ಸುರಿದ ವಿಷವು ತೂಬಿನ ಮೂಲಕ ಹಳ್ಳಕ್ಕಿಳಿದು, ಕೆಳಗಿನ ಊರಿನ ಮೀನಿಗೂ ದನಕರುಗಳು ಕುಡಿಯುವ ನೀರಿಗೂ ತಗಲುವುದು. ಆದಕಾರಣ ಕಂಡ ಹುಳುವು ಶತ್ರುವೋ ಅಲ್ಲವೋ ಎಂಬುದನ್ನು ಮೊದಲು ನಿಶ್ಚಯಿಸತಕ್ಕದ್ದು. ಈ ದಿನ ನಾನು ಹೇಳಹೊರಟಿರುವುದು ಮೇಫ್ಲೈ ಎಂಬ ಕೀಟದ ಮರಿಯ ವಿಷಯ. ಇದು ಪಾಚಿಯನ್ನೂ ಕೊಳೆತ ಎಲೆಯನ್ನೂ ತಿಂದು ಬದುಕುವುದೇ ಹೊರತು ಬತ್ತದ ಬೇರನ್ನಾಗಲಿ ಗರಿಯನ್ನಾಗಲಿ ಕೆಡಿಸುವುದಿಲ್ಲ. ರೆಕ್ಕೆ ಬಂದ ಮೇಲಂತೂ ಇದಕ್ಕೆ ಆಹಾರವೇ ಇಲ್ಲ. ಬಾಯಿ ನಿರುಪಯುಕ್ತವಾಗಿ, ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಮೊಟ್ಟೆಯಿಟ್ಟು ಸಾಯುವುದು. ರೆಕ್ಕೆ ಮೂಡಿದ ತರುವಾಯವೂ ಒಮ್ಮೆ ಪೊರೆ ಕಳಚುವ ಕೀಟವು ಇದೊಂದೇ.

ಹಳ್ಳದ ಕಲ್ಲೊಂದನ್ನು ಮೆಲ್ಲನೆ ಎತ್ತಿ, ನೀರು ತುಂಬಿದ ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ತೊಳೆಯಿರಿ. ಹರಿದಾಡುವ ಮರಿಗಳನ್ನು ಮೃದುವಾದ ಕುಂಚದಿಂದ ಎತ್ತಬೇಕು. ಚಿಮಟದಿಂದ ಹಿಡಿದರೆ ಕಿವಿರುಗಳು ಉದುರಿಹೋಗುವವು. ಕೂಡಲೇ ನೋಡಲಾಗದಿದ್ದರೆ ನೂರಕ್ಕೆ 80 ಪಾಲಿನ ಮದ್ಯಸಾರದಲ್ಲಿಟ್ಟು, ಹಿಡಿದ ಸ್ಥಳವನ್ನೂ ದಿನವನ್ನೂ ಸೀಸದಕಡ್ಡಿಯಿಂದ ಚೀಟಿಯಲ್ಲಿ ಬರೆದು ಒಳಗೇ ಹಾಕುವುದು. ಶಾಯಿಯ ಬರವಣಿಗೆ ಕರಗಿಹೋಗುವುದು.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿಯೇ ಮುಖ್ಯ ಲಕ್ಷಣಗಳು ಕಾಣುವುವು. ಉದರದ ಇಕ್ಕೆಲಗಳಲ್ಲಿ ಎಲೆಯಂತೆಯೋ ಗರಿಯಂತೆಯೋ ಇರುವ ಕಿವಿರುಗಳು ಇದರ ಮೊದಲ ಗುರುತು. ಸಾಮಾನ್ಯವಾಗಿ ಇವು ಮೊದಲ ಏಳು ಖಂಡಗಳಲ್ಲಿ ಇರುವುವು. ಹಿಂದೆ ಮೂರು ಬಾಲದ ಎಳೆಗಳು. ಕೆಲವು ಜಾತಿಗಳಲ್ಲಿ ಮಾತ್ರ ಎರಡು. ಬಾಲವನ್ನಷ್ಟೇ ನಂಬುವುದು ಕ್ಷೇಮವಲ್ಲ, ಏಕೆಂದರೆ ನಡುವಿನ ಎಳೆ ಸುಲಭವಾಗಿ ಮುರಿಯುವುದು. ಕಲ್ಲುನೊಣದ ಮರಿಗೂ ಎರಡೇ ಬಾಲ. ಸಂದೇಹ ಬಂದಾಗ ಕಾಲಿನ ತುದಿಯನ್ನು ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡಿರಿ. ಮೇಫ್ಲೈ ಮರಿಯ ಪ್ರತಿ ಕಾಲಿಗೂ ಒಂದೇ ಉಗುರು. ಕಲ್ಲುನೊಣದ ಮರಿಗೆ ಎರಡು. ಈ ಒಂದು ಗುರುತನ್ನು ಕಲಿತವನು ಉಳಿದವುಗಳಲ್ಲಿ ತಪ್ಪಿದರೂ ಹೆಚ್ಚು ಕೆಡುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಏರೋಪ್ಲೇನ್ ಚಿಟ್ಟೆಯ ಬಳಗದ ಸಣ್ಣ ಜಾತಿಗಳ ಮರಿಗೆ ಬಾಲದಲ್ಲಿ ಮೂರು ಅಗಲವಾದ ಎಲೆಗಳಿದ್ದು, ಉದರದ ಪಕ್ಕಗಳಲ್ಲಿ ಎಲೆಕಿವಿರಿನ ಸಾಲು ಇರುವುದಿಲ್ಲ.

ಬತ್ತದ ಕೊಳವೆಹುಳುವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ನಿಜವಾಗಿಯೂ ಗರಿಯನ್ನು ಕತ್ತರಿಸಿ ಸುರುಳಿ ಮಾಡಿ ಅದರೊಳಗೆ ವಾಸಿಸುವ ಶತ್ರು. ಅದರ ಪಕ್ಕಗಳಲ್ಲಿಯೂ ಎಳೆ ಎಳೆಯಾದ ಕಿವಿರುಗಳಿರುವುದರಿಂದ, ಕೊಳವೆಯಿಂದ ಹೊರಗೆ ಬಿದ್ದಿದ್ದರೆ ನೋಡುವವರು ಮೋಸಹೋಗಬಹುದು. ಆದರೆ ಅದಕ್ಕೆ ಬಾಲದ ಎಳೆಗಳಿಲ್ಲ. ಆರು ಕಾಲುಗಳಲ್ಲದೆ ಕಂಬಳಿಹುಳುವಿಗಿರುವಂತೆ ಹೊಟ್ಟೆಯ ಕೆಳಗೆ ಮೊಂಡಾದ ತೋರ್ಗಾಲುಗಳೂ ಉಂಟು.

ಮೇಫ್ಲೈಗಳ ಕುಲಗಳನ್ನು ವಿಂಗಡಿಸುವುದಕ್ಕೆ ಯಂತ್ರವು ಅವಶ್ಯಕ. ಮರಿಯು ಚಪ್ಪಟೆಯಾಗಿದ್ದು ಕಣ್ಣುಗಳೆರಡೂ ತಲೆಯ ಮೇಲ್ಭಾಗದಲ್ಲಿದ್ದರೆ ಅದು ಹೆಪ್ಟಜೆನಿಡೀ ಕುಲದ್ದು. ರಭಸದ ಹರಿವಿನಲ್ಲಿ ಕಲ್ಲಿಗೆ ಅಂಟಿಕೊಂಡಿರುವುದು. ಉದರದ ಎರಡನೆಯ ಖಂಡದ ಕಿವಿರು ಚೌಕವಾದ ಮುಚ್ಚಳದಂತೆ ಬೆಳೆದು ಹಿಂದಿನವನ್ನು ಮುಚ್ಚಿದ್ದರೆ ಕೇನಿಡೀ. ಕೆಸರಿನ ನಡುವೆ ಉಸಿರಾಡುವುದಕ್ಕೆ ಈ ಮುಚ್ಚಳವೇ ರಕ್ಷೆ. ಮೀನಿನಾಕಾರದ ತೆಳುಮೈಯೂ ದುಂಡಗಿನ ಎಲೆಕಿವಿರೂ ಬೀಟಿಡೀಯ ಗುರುತು. ದವಡೆಯಿಂದ ಕೊಂಬಿನಂತೆ ಕೋರೆಗಳು ಮುಂದಕ್ಕೆ ಚಾಚಿ, ಗರಿಯಂಥ ಕಿವಿರುಗಳು ಬೆನ್ನ ಮೇಲೆ ಬಾಗಿದ್ದರೆ ಅದು ಮರಳಿನಲ್ಲಿ ಬಿಲ ತೋಡುವ ಎಫೆಮೆರಿಡೀ. ಜಾತಿಯವರೆಗೆ ಹೋಗಬೇಕಾದರೆ ಬಾಯಿಯ ಭಾಗಗಳನ್ನೂ ಉಗುರಿನ ಹಲ್ಲುಗಳನ್ನೂ ಗ್ಲಿಸರಿನ್ ಹನಿಯಲ್ಲಿಟ್ಟು ನೂರು ಪಟ್ಟು ಹಿಗ್ಗಿಸಿ ಎಣಿಸಬೇಕಾಗುವುದು. ಅದು ಪಂಡಿತರ ಕೆಲಸ. ಗ್ರಾಮಕ್ಕೆ ಕುಲದ ಪರಿಚಯವೇ ಸಾಕು.

ಕುಲಗಳನ್ನು ಅರಿಯುವುದರಿಂದ ಪ್ರಯೋಜನವೇನೆಂದು ತಾವು ಕೇಳಬಹುದು. ಚಪ್ಪಟೆಮೈಯ ಕುಲವು ನಿರ್ಮಲವಾದ ನೀರನ್ನು ಬಿಟ್ಟು ಬದುಕಲಾರದು. ಕೇನಿಡೀಯೂ ಬೀಟಿಡೀಯ ಕೆಲವು ಜಾತಿಗಳೂ ಸ್ವಲ್ಪ ಕೊಳೆಯನ್ನು ಸಹಿಸುವುವು. ಕಂದು ಜಿಗಿಹುಳುವಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಎಂಬ ಔಷಧವಾದರೋ ಅತ್ಯಲ್ಪ ಪ್ರಮಾಣದಲ್ಲಿಯೇ ಈ ಮರಿಗಳಿಗೆ ಮಾರಕ. ಸಿಂಪಡಿಸುವ ಪಂಪುಗಳನ್ನು ಹಳ್ಳದಲ್ಲಿ ತೊಳೆಯುವ ಊರುಗಳವರು ತೊಳೆಯುವ ಸ್ಥಳಕ್ಕಿಂತ ಮೇಲೆ ಹತ್ತು ಕಲ್ಲು, ಕೆಳಗೆ ಹತ್ತು ಕಲ್ಲು ಎತ್ತಿ ಹೋಲಿಸಿ ನೋಡಬೇಕು. ಮೇಲೆ ಹೇರಳವಾಗಿದ್ದು ಕೆಳಗೆ ಒಂದೂ ಇಲ್ಲದಿದ್ದರೆ, ಮೇಲಿನವರಿಗೂ ಕೆಳಗಿನವರಿಗೂ ವ್ಯಾಜ್ಯ ಹುಟ್ಟುವುದಕ್ಕೆ ಮುಂಚೆಯೇ ಊರ ಮುಖಂಡರು ಪಂಪು ತೊಳೆಯುವ ಜಾಗವನ್ನು ನೀರಿನಿಂದ ದೂರಕ್ಕೆ, ಹಳ್ಳಕ್ಕೂ ಬಾವಿಗೂ ಇಳಿಜಾರಿಲ್ಲದ ನೆಲಕ್ಕೆ ಬದಲಾಯಿಸುವುದು ಒಳ್ಳೆಯದು.

ಆದರೆ ಈ ಪರೀಕ್ಷೆಯನ್ನು ಮುಂಗಾರಿನ ಪ್ರವಾಹದ ಸಮಯದಲ್ಲಿ ಮಾಡಲಾಗದು. ಆಗ ಹರಿವಿನ ರಭಸಕ್ಕೆ ಮರಿಗಳು ತಾವಾಗಿಯೇ ಕೊಚ್ಚಿಹೋಗುವುದರಿಂದ ಅವು ಕಾಣದಿರುವುದನ್ನು ವಿಷವೆಂದೆಣಿಸಬಾರದು. ಮಳೆ ನಿಂತು ನೀರು ತಿಳಿಯಾದ ಮೇಲೆ ಒಮ್ಮೆ, ಬೇಸಗೆಗೆ ಮೊದಲು ಇನ್ನೊಮ್ಮೆ, ಅದೇ ಎರಡು ಸ್ಥಳಗಳಲ್ಲಿ ನೋಡಿ ಎಣಿಕೆಯನ್ನು ಬರೆದಿಡತಕ್ಕದ್ದು. ಯಂತ್ರವಿಲ್ಲದ ಊರಿನವರು ಮದ್ಯಸಾರದ ಸೀಸೆಯೊಡನೆ ಹತ್ತಿರದ ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಕಾಣಬಹುದು.