ವಾಯಿದೆಯ ಮೇಲೆ ವಾಯಿದೆ

(ಬಿಬವೇವಾಡಿಯ ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ. ಸದಸ್ಯರ ಅಪೇಕ್ಷೆಯ ಮೇರೆಗೆ ಇಲ್ಲಿ ಅಚ್ಚು ಮಾಡಿದೆ.)



ನಾನು ಪಂಡಿತನಲ್ಲ, ಎಂಜಿನಿಯರನೂ ಅಲ್ಲ. ಮ್ಯಾಟ್ರಿಕ್ ಮುಗಿಸಿ ಹೊಟ್ಟೆಪಾಡಿಗಾಗಿ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಬದಿಯ ಬೇಳೆ ಗಿರಣಿಯೊಂದರಲ್ಲಿ ಕಾರಕೂನನಾಗಿ ದುಡಿಯತಕ್ಕವನು. ಸಂಜೆ ಈ ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸಿಡುವುದು ನನ್ನ ಪಾಲಿಗೆ ಬಂದ ಸೇವೆ. ಇಲ್ಲಿಗೆ ಬರುವ ಗೌಂಡಿಗಳು, ಹಮಾಲರು, ಕಚೇರಿಯ ಗುಮಾಸ್ತರು ಪದೇ ಪದೇ ಕೇಳುವ ಮಾತೊಂದಿದೆ: “ಅಣ್ಣಾ, ಇದಕ್ಕ ಅಪ್‌ಡೇಟ್ ಬರಂಗಿಲ್ಲಂತ. ಬ್ಯಾಂಕಿನ ಆ್ಯಪ್ ನಡಿಯಂಗಿಲ್ಲ ಅಂತೈತಿ. ಫೋನ್ ಛಲೋನ ಐತಲ್ಲ, ಯಾಕ ಹಿಂಗ?” ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರವಿಲ್ಲ. ಆದಕಾರಣ ಇಂದು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆ ಬೇಡುತ್ತೇನೆ.

ಮೊದಲು ಆಪರೇಟಿಂಗ್ ಸಿಸ್ಟಮ್ ಎಂದರೇನು? ಗಿರಣಿಯಲ್ಲಿ ಮಾಲೀಕರು ಕೆಲಸ ಹೇಳುತ್ತಾರೆ, ಹಮಾಲರು ಚೀಲ ಎತ್ತುತ್ತಾರೆ. ನಡುವೆ ನಿಂತು ಯಾರು ಯಾವ ಚೀಲ ಎತ್ತಬೇಕು, ಯಾವ ಗೋದಾಮಿನ ಬೀಗ ಯಾರಿಗೆ ತೆಗೆಯಬೇಕು ಎಂದು ನೋಡುವವನು ಮುಕಾದಮ. ಗಣಕಯಂತ್ರದಲ್ಲಿಯೂ ಫೋನಿನಲ್ಲಿಯೂ ಆಪರೇಟಿಂಗ್ ಸಿಸ್ಟಮ್ ಇಂಥ ಮುಕಾದಮನೇ ಸರಿ. ಗಣಕಕ್ಕೆ ವಿಂಡೋಸ್, ಅಗ್ಗದ ಫೋನುಗಳಿಗೆ ಆಂಡ್ರಾಯ್ಡ್. ಮುಕಾದಮ ಎಚ್ಚರದಿಂದಿದ್ದರೆ ಗೋದಾಮು ಸುರಕ್ಷಿತ. ತೂಕಡಿಸಿದರೆ ಕಳ್ಳನಿಗೆ ದಾರಿ.

ಇನ್ನು ಅಪ್‌ಡೇಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ದುರಸ್ತಿ: ಮಾಳಿಗೆ ಸೋರುತ್ತಿದ್ದರೆ ಹಂಚು ಹೊದಿಸಿದಂತೆ. ಇನ್ನೊಂದು ಹೊಸ ಸಜ್ಜು: ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಹೊಸ ಚಿತ್ತಾರ. ಹೊಸ ಸಜ್ಜು ತಡವಾದರೆ ನಮಗೇನೂ ನಷ್ಟವಿಲ್ಲ. ದುರಸ್ತಿ ತಡವಾದರೆ ಮಾತ್ರ ನೀರು ನಮ್ಮ ಹಾಸಿಗೆಯ ಮೇಲೆಯೇ ಬೀಳುತ್ತದೆ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾದೀತು.

ಮೈಕ್ರೋಸಾಫ್ಟ್ ಕಂಪನಿಯ ಕಥೆಯನ್ನೇ ನೋಡೋಣ. 2000ನೆಯ ಇಸವಿಯ ವಿಂಡೋಸಿನಲ್ಲಿ ಹಿಂದಿ, ಮರಾಠಿ, ತಮಿಳು ಅಕ್ಷರಗಳು ಬಂದವು, ಕನ್ನಡ ಬರಲಿಲ್ಲ. ಕನ್ನಡವು ತುಂಗಾ ಎಂಬ ಅಕ್ಷರವಿನ್ಯಾಸದೊಡನೆ ಕಾಲಿಟ್ಟಿದ್ದು 2001ರ ಅಕ್ಟೋಬರಿನಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ. ಹಳೆಯ ವಿಂಡೋಸ್ ಇಟ್ಟುಕೊಂಡವರಿಗೆ ನಮ್ಮ ಭಾಷೆ ಆ ಯಂತ್ರದ ಒಳಗೇ ಇರಲಿಲ್ಲವೆಂದಾಯಿತು. ಅಪ್‌ಡೇಟ್ ಎಂಬುದು ಶ್ರೀಮಂತರ ಶೋಕಿಯೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಎಕ್ಸ್‌ಪಿಯ ನಂತರದ್ದಕ್ಕೆ ಲಾಂಗ್‌ಹಾರ್ನ್ ಎಂದು ಒಳಹೆಸರಿಟ್ಟು, 2003ರ ಹೊತ್ತಿಗೆ ಕೊಡುವ ಯೋಚನೆ ನಡೆದಿತ್ತು. 2004ರ ಆಗಸ್ಟಿನಲ್ಲಿ ಮಾಡಿದ ಕೆಲಸದ ಬಹುಭಾಗವನ್ನು ಬದಿಗಿಟ್ಟು ಹೊಸದಾಗಿ ಆರಂಭಿಸಬೇಕಾಯಿತು. ಕಟ್ಟಕಡೆಗೆ ಅದು ವಿಸ್ಟಾ ಎಂಬ ಹೆಸರಿನಿಂದ ಜನರ ಕೈಗೆ ಬಂದದ್ದು 2007ರ ಜನವರಿ 30ರಂದು. ಐದು ವರ್ಷಕ್ಕೂ ಮೇಲ್ಪಟ್ಟ ಕಾಯುವಿಕೆ! ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಪೀಡೆ ಜಗತ್ತಿನ ಗಣಕಗಳಿಗೆ ಹತ್ತಿದಾಗ, ಕಂಪನಿಯು ಬಹಳಷ್ಟು ಎಂಜಿನಿಯರರನ್ನು ಹೊಸದರಿಂದ ಬಿಡಿಸಿ ಹಳೆಯ ಎಕ್ಸ್‌ಪಿಯನ್ನು ಭದ್ರಪಡಿಸಲು ಹಚ್ಚಿತು. ಆ ದುರಸ್ತಿ 2004ರ ಆಗಸ್ಟಿನಲ್ಲಿ ಪುಕ್ಕಟೆಯಾಗಿ ಬಂತು. ಹೊಸ ಮನೆ ತಡವಾಯಿತು, ಹಳೆಯ ಮನೆ ಗಟ್ಟಿಯಾಯಿತು. ಇಂಥ ತಡಕ್ಕೆ ನಾನು ದೂರುವವನಲ್ಲ.

ದೂರಬೇಕಾದದ್ದು ದುರಸ್ತಿಯೇ ತಡವಾದಾಗ. ಆ ತಪ್ಪು ಯಾವಾಗಲೂ ಕಂಪನಿಯದೇ ಆಗಿರುವುದಿಲ್ಲ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ದುರಸ್ತಿ ನಿಲ್ಲುವುದೆಂದು ಮೊದಲೇ ಸಾರಲಾಗಿತ್ತು. ಆದರೂ ನಮ್ಮ ದೇಶದ ಬ್ಯಾಂಕುಗಳ ಎಷ್ಟೋ ಎಟಿಎಂ ಯಂತ್ರಗಳು ವರ್ಷಗಟ್ಟಲೆ ಎಕ್ಸ್‌ಪಿಯ ಮೇಲೆಯೇ ನಡೆದವು. ಕೊನೆಗೆ ರಿಜರ್ವ್ ಬ್ಯಾಂಕು 2018ರ ಜೂನ್ 21ರಂದು ಆಜ್ಞೆ ಹೊರಡಿಸಿ, ಕಾಲುಭಾಗ ಸೆಪ್ಟೆಂಬರಿನೊಳಗೆ, ಅರ್ಧ ಡಿಸೆಂಬರಿನೊಳಗೆ, ಮುಕ್ಕಾಲು ಮುಂದಿನ ಮಾರ್ಚಿನೊಳಗೆ, ಪೂರ್ತಿಯಾಗಿ 2019ರ ಜೂನಿನೊಳಗೆ ಬದಲಿಸತಕ್ಕದ್ದೆಂದು ಕಟ್ಟುಮಾಡಬೇಕಾಯಿತು. ನಾವು ಪಗಾರದ ಹಣ ತೆಗೆಯುವ ಪೆಟ್ಟಿಗೆಯ ಮುಕಾದಮನು ಅಷ್ಟು ದಿನ ನಿವೃತ್ತನಾಗಿಯೂ ಕಾವಲಿಗೆ ನಿಂತಿದ್ದನೆಂಬುದು ಎಷ್ಟು ಜನಕ್ಕೆ ಗೊತ್ತಿತ್ತು?

ಈ ನಡುವೆ 2017ರ ಮೇ 12ರಂದು ವಾನಾಕ್ರೈ ಎಂಬ ಪೀಡೆ ಬಂದು ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಿದರು. ನಮ್ಮ ಆಂಧ್ರದ ಪೊಲೀಸ್ ಠಾಣೆಗಳ ಯಂತ್ರಗಳೂ ಸಿಕ್ಕಿಬಿದ್ದವು. ಆಶ್ಚರ್ಯವೇನೆಂದರೆ ಅದರ ದುರಸ್ತಿಯನ್ನು ಕಂಪನಿಯು ಮಾರ್ಚ್ 14ರಂದೇ ಕೊಟ್ಟಿತ್ತು. ಸರಿಯಾಗಿ 59 ದಿನ ಅದು ಬಾಗಿಲಲ್ಲಿ ಬಿದ್ದಿತ್ತು, ಒಳಗೆ ತೆಗೆದುಕೊಳ್ಳುವವರಿರಲಿಲ್ಲ. ಕೊಡುವವನ ತಡ ಒಂದು, ತೆಗೆದುಕೊಳ್ಳುವವನ ತಡ ಇನ್ನೊಂದು. ಕಳ್ಳನಿಗೆ ಎರಡೂ ಒಂದೇ.

ಈಗ ಫೋನಿಗೆ ಬರೋಣ. ನಮಗೆ ಹೆಚ್ಚು ತಟ್ಟುವುದು ಇದೇ. ಆಂಡ್ರಾಯ್ಡಿನಲ್ಲಿ ಕನ್ನಡ, ತೆಲುಗು, ಮಲೆಯಾಳಂ ಅಕ್ಷರಗಳು ಸೇರಿದ್ದು 2012ರ 4.1 ಎಂಬ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಆವೃತ್ತಿಯ ಫೋನು ಕೊಂಡು, ಅಪ್‌ಡೇಟ್ ಬಾರದೆ ಉಳಿದವರಿಗೆ ಊರಿನಿಂದ ಬಂದ ಕನ್ನಡ ಸಂದೇಶ ಬರಿಯ ಚೌಕಟ್ಟುಗಳ ಸಾಲಾಗಿ ಕಾಣುತ್ತಿತ್ತು. ತಾಯಿಯ ಮಾತು ಬಂದಿದೆ, ಓದಲು ಬಾರದು.

ಇಷ್ಟು ತಡ ಏಕೆ? ತೊಗರಿ ಹೊಲದಿಂದ ಅಡತಿಗೆ, ಅಡತಿಯಿಂದ ಗಿರಣಿಗೆ, ಗಿರಣಿಯಿಂದ ಅಂಗಡಿಗೆ, ಅಂಗಡಿಯಿಂದ ನಮ್ಮ ಒಲೆಗೆ ಬರುತ್ತದಷ್ಟೆ. ಆಂಡ್ರಾಯ್ಡ್ ಕೂಡ ಹಾಗೆಯೇ: ಗೂಗಲ್ ಮೂಲವನ್ನು ಕೊಡುತ್ತದೆ, ಚಿಪ್ ಮಾಡುವ ಕ್ವಾಲ್‌ಕಾಮ್, ಮೀಡಿಯಾಟೆಕ್‌ನಂಥವರು ಅದನ್ನು ತಮ್ಮ ಚಿಪ್ಪಿಗೆ ಹೊಂದಿಸಬೇಕು, ಬಳಿಕ ಫೋನ್ ಕಂಪನಿಯು ತನ್ನ ಒಂದೊಂದು ಮಾದರಿಗೂ ಹೊಂದಿಸಿ ಪರೀಕ್ಷೆ ಮಾಡಬೇಕು. ಹಳೆಯ ಮಾದರಿಗೆ ಇಷ್ಟು ಶ್ರಮಪಟ್ಟರೆ ಕಂಪನಿಗೆ ಹೊಸದಾಗಿ ಒಂದು ಪೈ ಬರುವುದಿಲ್ಲ. ಹೊಸ ಮಾದರಿ ಮಾರಿದರೆ ಬರುತ್ತದೆ. ಸರಪಳಿಯಲ್ಲಿ ಒಬ್ಬನು ಕೈ ಎತ್ತಿದರೂ ಸಾಕು, ಫೋನು ಅಲ್ಲಿಗೇ ನಿಂತಿತು. ಈ ತೊಡಕನ್ನು ಬಿಡಿಸಲೆಂದು ಗೂಗಲ್ 2017ರಲ್ಲಿ ಆಂಡ್ರಾಯ್ಡ್ 8ರೊಡನೆ ಟ್ರೆಬಲ್ ಎಂಬ ವ್ಯವಸ್ಥೆ ತಂದು ಚಿಪ್ಪಿನ ಭಾಗವನ್ನು ಬೇರ್ಪಡಿಸಿತು. ಅದರಿಂದ ದಾರಿ ಸುಗಮವಾಯಿತು, ಆದರೆ ಕಂಪನಿಯ ಮನಸ್ಸು ಬದಲಾಗಲಿಲ್ಲ.

ಕಂಪನಿಯ ಒಲವು ಹೇಗೆ ಸರಿಯುತ್ತದೆಂಬುದಕ್ಕೆ ಒಂದು ದೃಷ್ಟಾಂತ. 2014ರ ಸೆಪ್ಟೆಂಬರ್ 15ರಂದು ದಿಲ್ಲಿಯಲ್ಲಿ ಗೂಗಲ್ ಆಂಡ್ರಾಯ್ಡ್ ಒನ್ ಎಂಬ ಯೋಜನೆಯನ್ನು ಆರಂಭಿಸಿತು. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಫೋನು, ಬೆಲೆ 6,399 ರೂಪಾಯಿಯಿಂದ. ಬಡವನ ಕೈಗೂ ಎರಡು ವರ್ಷ ನೇರವಾಗಿ ಅಪ್‌ಡೇಟ್ ಎಂದು ಮಾತು. ಉದ್ದೇಶ ಒಳ್ಳೆಯದಿತ್ತು. ಆದರೆ 2017ರಲ್ಲಿ ಅದೇ ಹೆಸರಿನಿಂದ ಶಾವೋಮಿಯ ಎಂಐ ಎ1 ಬಂದಾಗ ಬೆಲೆ 14,999! ಹೆಸರು ಅದೇ, ಗಿರಾಕಿ ಬೇರೆ. ಮಾತು ಯಾರಿಗಾಗಿ ಕೊಟ್ಟರೋ ಅವರು ಅಷ್ಟರಲ್ಲಿ ಅಂಗಡಿಯ ಹೊರಗೆ ನಿಂತಿದ್ದರು.

ನನ್ನ ಗಿರಣಿಯ ಅನುಭವವನ್ನೂ ಹೇಳುತ್ತೇನೆ. ನಮ್ಮಲ್ಲಿ ರೋಜುಕೀರ್ದಿ, ತೂಕದ ಚೀಟಿ, ಹಮಾಲರ ಬಟವಾಡೆ ಎಲ್ಲಕ್ಕೂ ಒಂದು ಲೆಕ್ಕದ ಪ್ರೋಗ್ರಾಮ್ ಇದೆ. ಅದನ್ನು ಮಾರಿದ ಕಂಪನಿಯವರು ಹೊಸ ವಿಂಡೋಸಿಗೆ ಹೊಂದುವ ಆವೃತ್ತಿಯನ್ನು ದೀಪಾವಳಿಗೆ ಕೊಡುತ್ತೇವೆಂದರು. ದೀಪಾವಳಿ ಕಳೆಯಿತು, ಯುಗಾದಿಗೆ ಎಂದರು. ಯುಗಾದಿಯೂ ಆಯಿತು. ನಂತರ ಫೋನು ಮಾಡಿದರೆ, “ಈಗ ಎಲ್ಲವೂ ಕ್ಲೌಡ್, ಹಳೆಯ ಪ್ರೋಗ್ರಾಮ್ ನಿಲ್ಲಿಸಿದ್ದೇವೆ, ವರ್ಷ ವರ್ಷ ಬಾಡಿಗೆ ಕಟ್ಟಿರಿ” ಎಂಬ ಉತ್ತರ. ಆ ನಡುವಿನಲ್ಲಿ ಒಂದು ಶನಿವಾರ ಯಂತ್ರ ಕೈಕೊಟ್ಟಿತು. ಅಂದು ನಲವತ್ತು ಜನ ಹಮಾಲರ ಬಟವಾಡೆಯನ್ನು ಚೀಟಿ ಚೀಟಿ ಕೂಡಿಸಿ ಕೈಬರಹದಲ್ಲಿ ಮುಗಿಸುವಷ್ಟರಲ್ಲಿ ರಾತ್ರಿ ಒಂಬತ್ತೂವರೆ. ಊರಿಗೆ ಹಣ ಕಳಿಸಬೇಕಾದವರು, ಕಿರಾಣಿ ಉದ್ರಿ ತೀರಿಸಬೇಕಾದವರು ಗೇಟಿನ ಬಳಿ ಕುಳಿತೇ ಇದ್ದರು. ಯಾರೂ ಬೈಯಲಿಲ್ಲ. ಒಬ್ಬ ಹಿರಿಯ ಹಮಾಲ ಮಾತ್ರ, “ಸಾಹೇಬ್ರ, ಮಿಶಿನ್ ತಡಾ ಮಾಡಿದ್ರ ನಡೀತೈತಿ, ನಾವು ಹತ್ತು ಮಿನಿಟ್ ತಡಾ ಬಂದ್ರ ಅರ್ಧಾ ಪಾಳಿ ಕಟ್” ಎಂದ. ಉತ್ತರ ನನ್ನಲ್ಲಿರಲಿಲ್ಲ.

ಹಾಗೆಂದು ಅವಸರವೂ ಒಳ್ಳೆಯದಲ್ಲ. 2021ರ ಹೊಸ ವರ್ಷದ ಹೊತ್ತಿಗೆ ಎಂಐ ಎ3 ಎಂಬ ಫೋನಿಗೆ ಬಹಳ ಕಾದ ಆಂಡ್ರಾಯ್ಡ್ 11 ಬಂತು. ಹಾಕಿಸಿಕೊಂಡ ಎಷ್ಟೋ ಫೋನುಗಳು ಅಲ್ಲಿಯೇ ಸತ್ತವು. ಕಂಪನಿಯು ಪುಕ್ಕಟೆ ರಿಪೇರಿ ಮಾಡಿಕೊಡಬೇಕಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸು ಬರೆದರು. ಆದ್ದರಿಂದ ಪರೀಕ್ಷೆಗೆ ಹಿಡಿಯುವ ಕಾಲವನ್ನು ನಾವು ಕೊಡೋಣ. ಕೊಟ್ಟ ವಾಯಿದೆಯನ್ನು ಹೇಳದೆ ಕೇಳದೆ ಮುರಿಯುವುದನ್ನು ಮಾತ್ರ ಒಪ್ಪುವುದು ಬೇಡ.

ವಿಂಡೋಸ್ 10ರ ವಿಷಯವೂ ಇದೇ. ಅದು ಬಂದ 2015ರಲ್ಲಿ ಮೈಕ್ರೋಸಾಫ್ಟಿನವರೊಬ್ಬರು ಇದೇ ಕೊನೆಯ ವಿಂಡೋಸ್ ಎಂದು ಸಭೆಯಲ್ಲಿ ಹೇಳಿದ್ದರು. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂತು; ಸಾಮಾನ್ಯವಾಗಿ 2017ಕ್ಕೂ ಹಿಂದಿನ ಪ್ರೊಸೆಸರ್ ಇರುವ ಯಂತ್ರಗಳಿಗೆ ಅದು ಸಲ್ಲದೆಂದರು. 2025ರ ಅಕ್ಟೋಬರ್ 14ಕ್ಕೆ 10ರ ಸಾಮಾನ್ಯ ದುರಸ್ತಿ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಇನ್ನೊಂದು ವರ್ಷ ಎಂದು ಸಾರಿದರು. ಕೀಲು, ಪರದೆ, ಗುಂಡಿ ಎಲ್ಲವೂ ಗಟ್ಟಿಯಿರುವ ಯಂತ್ರ ಕಾಗದದ ಮೇಲೆ ಮುದಿಯಾಯಿತು.

ಇದಕ್ಕೆ ಪರಿಹಾರವೇನು? ಕಾನೂನು ಮನಸ್ಸು ಮಾಡಿದರೆ ಆಗುತ್ತದೆ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಐದು ವರ್ಷ ಅದರ ಅಪ್‌ಡೇಟುಗಳಿಗೆ ಕಂಪನಿ ಬದ್ಧ. ಗೂಗಲ್ 2023ರಲ್ಲಿ, ಸ್ಯಾಮ್‌ಸಂಗ್ 2024ರಲ್ಲಿ ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷದ ಮಾತು ಕೊಟ್ಟಿವೆ. ದುಬಾರಿಗೆ ಏಳು ವರ್ಷ ಆಗುವುದಾದರೆ ಅಗ್ಗದ್ದಕ್ಕೆ ನಾಲ್ಕಾದರೂ ಏಕೆ ಆಗಬಾರದು? ಔಷಧದ ಡಬ್ಬಿಯ ಮೇಲೆ ಮುಗಿಯುವ ತಾರೀಖು ಅಚ್ಚು ಹಾಕುವಂತೆ ಫೋನಿನ ಡಬ್ಬಿಯ ಮೇಲೂ “ಇಂಥ ತಾರೀಖಿನವರೆಗೆ ದುರಸ್ತಿ” ಎಂದು ಹಾಕಲಿ. ಇದು ಸಾಲ ಮಾಡಿ ಫೋನು ಕೊಳ್ಳುವವನ ಹಕ್ಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಫೋನಿನ ಸೆಟ್ಟಿಂಗ್ಸಿನಲ್ಲಿ ಸೆಕ್ಯೂರಿಟಿ ಅಪ್‌ಡೇಟಿನ ತಾರೀಖು ಬರೆದಿರುತ್ತದೆ, ಅದನ್ನು ನೋಡಿಕೊಳ್ಳಿರಿ. ವರ್ಷಕ್ಕೂ ಹಳೆಯದಾಗಿದ್ದರೆ ಆ ಫೋನಿನಲ್ಲಿ ಹಾಡು ಕೇಳಿರಿ, ಮಾತಾಡಿರಿ. ಪಗಾರದ ಖಾತೆಯನ್ನು ಅದಕ್ಕೆ ಜೋಡಿಸಬೇಡಿರಿ. ಹೊಸದಾಗಲಿ ಹಳೆಯದಾಗಲಿ ಕೊಳ್ಳುವಾಗ ಕ್ಯಾಮರಾ ಕೇಳುವ ಮೊದಲು ಎಷ್ಟು ವರ್ಷದ ದುರಸ್ತಿ ಉಳಿದಿದೆ ಎಂದು ಕೇಳಿರಿ. ಅಪ್‌ಡೇಟ್ ಬಂದರೆ ಫೋಟೋ, ನಂಬರುಗಳನ್ನು ಬೇರೆಡೆ ತೆಗೆದಿಟ್ಟು, ಬ್ಯಾಟರಿ ತುಂಬಿಸಿ ಹಾಕಿಸಿರಿ. ಬಟವಾಡೆಯ ದಿನ, ಊರಿಗೆ ಹೊರಡುವ ದಿನ ಬೇಡ. ಅಪ್‌ಡೇಟ್ ಮಾಡಿ ಎಂದು ಯಾರೋ ಮೆಸೇಜಿನಲ್ಲಿ ಕಳಿಸುವ ಲಿಂಕನ್ನು ಮುಟ್ಟಲೇಬೇಡಿರಿ. ಮೋಸಹೋದರೆ ಕೂಡಲೇ 1930ಕ್ಕೆ ಫೋನು ಮಾಡಿರಿ. ಹಳೆಯ ಗಣಕವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿಸಿ ನೋಡಿರಿ. ಪುಣೆಯಲ್ಲೇ ಕೇಂದ್ರ ಕಚೇರಿಯುಳ್ಳ ಸರಕಾರದ ಸಿ-ಡ್ಯಾಕ್ ಸಂಸ್ಥೆಯು 2007ರಿಂದ ಬಾಸ್ ಎಂಬ ಲಿನಕ್ಸನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಅದರಲ್ಲಿ ಕನ್ನಡವೂ ಉಂಟು.

ಬಂಧುಗಳೇ, ಯಂತ್ರ ಮಾಡುವವರ ಒಲವು ಇಂದು ಇಲ್ಲಿ, ನಾಳೆ ಅಲ್ಲಿ. ಅದನ್ನು ನಾವು ತಡೆಯಲಾರೆವು. ಆದರೆ ತಿಳಿದು ಕೊಳ್ಳುವ ಗಿರಾಕಿಯನ್ನು ಯಾವ ಅಂಗಡಿಯೂ ಸುಲಭವಾಗಿ ಮೋಸಗೊಳಿಸಲಾರದು. ತಿಳಿಸುವುದೇ ವಾಚನಾಲಯದ ಧರ್ಮ. ಕಾರ್ಯದರ್ಶಿಗಳ ಒಪ್ಪಿಗೆಯಿಂದ ಮುಂದಿನ ರವಿವಾರದಿಂದ ಸಂಜೆ ಐದರಿಂದ ಏಳರವರೆಗೆ ಇಲ್ಲಿ ಒಂದು ಮೇಜು ಹಾಕುತ್ತೇವೆ. ಕಾಲೇಜಿಗೆ ಹೋಗುವ ನಮ್ಮ ಇಬ್ಬರು ಹುಡುಗರು ಫೋನಿನ ತಾರೀಖು ನೋಡಿ ಹೇಳುವರು, ಕಾಗದದಲ್ಲಿ ಬರೆದುಕೊಡುವರು, ಅದಕ್ಕೆ ಹಣವಿಲ್ಲ. ಪಾಸ್‌ವರ್ಡು, ಪಿನ್ನು ಮಾತ್ರ ಅವರಿಗೂ ಹೇಳಬೇಡಿರಿ.