ಮೀನಿಲ್ಲದ ತೊಟ್ಟಿ



ಗಾಜಿನ ತೊಟ್ಟಿಯನ್ನೂ ಅದರಲ್ಲಿ ಬಿಡಬೇಕಾದ ಮೀನನ್ನೂ ಒಂದೇ ದಿನ ಕೊಂಡು ತರುವುದು ನಮ್ಮಲ್ಲಿ ವಾಡಿಕೆ. ಬಣ್ಣದ ಕಲ್ಲು ಹರಡಿ, ನಲ್ಲಿಯ ನೀರು ತುಂಬಿಸಿ, ದೀಪ ಹಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ತಂದ ಮೀನುಗಳನ್ನು ಬಿಟ್ಟರೆ ಮನೆಮಂದಿಯೆಲ್ಲ ಸುತ್ತ ನಿಂತು ನೋಡುತ್ತಾರೆ. ವಾರ ಕಳೆಯುವುದರೊಳಗೆ ಮೀನು ಮೇಲಕ್ಕೆ ಬಂದು ಬಾಯಿ ತೆರೆಯತೊಡಗುತ್ತದೆ. ಹತ್ತನೆಯ ದಿನ ತೊಟ್ಟಿ ಬರಿದು. ದೃಷ್ಟಿಯಾಯಿತೆಂದು ಹಿರಿಯರು ಹೇಳುತ್ತಾರೆ. ಆಹಾರ ಹೆಚ್ಚಾಯಿತೆಂದು ಅಂಗಡಿಯವನು ಹೇಳುತ್ತಾನೆ. ಅಂಗಡಿಯವನ ಮಾತಿನಲ್ಲಿ ಅರ್ಧ ಸತ್ಯವುಂಟು. ಉಳಿದರ್ಧವನ್ನು ಹೇಳಿದರೆ ಅವನಿಗೆ ಆ ದಿನ ಮೀನು ಮಾರಾಟವಾಗದು.

ಮೀನು ತನ್ನ ಕಿವಿರುಗಳಿಂದ ಸದಾ ಅಮೋನಿಯಾವನ್ನು ಹೊರಬಿಡುತ್ತಿರುತ್ತದೆ. ಕೊಳೆಯುವ ಆಹಾರದಿಂದಲೂ ಅದೇ ಹುಟ್ಟುತ್ತದೆ. ಕೆರೆಯಲ್ಲಿ, ಹೊಳೆಯಲ್ಲಿ ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಕಲ್ಲುಕಲ್ಲಿನ ಮೇಲೂ ನೆಲೆಸಿವೆ. ಹೊಸ ತೊಟ್ಟಿಯಲ್ಲಿ ಅವು ಇಲ್ಲವೆಂದೇ ಹೇಳಬೇಕು. ಆದುದರಿಂದ ಕನ್ನಡಿಯಂತೆ ತಿಳಿಯಾಗಿರುವ ನೀರೇ ಮೀನಿಗೆ ವಿಷವಾಗಬಹುದು. ಅಷ್ಟು ಅಲ್ಪ ಪ್ರಮಾಣದ ಅಮೋನಿಯಾಕ್ಕೆ ಬಣ್ಣವೂ ಇಲ್ಲ, ನಮ್ಮ ಮೂಗಿಗೆ ನಿಲುಕುವ ವಾಸನೆಯೂ ಇಲ್ಲ.

ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದವನು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ, 1890ರ ಸುಮಾರಿನಲ್ಲಿ. ಒಂದು ಬಗೆಯ ಜೀವಿ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟೂ ಮೀನಿಗೆ ವಿಷವೇ; ನೈಟ್ರೇಟ್ ಮಾತ್ರ ಬಹುಮಟ್ಟಿಗೆ ನಿರಪಾಯಕರ. ಎರಡೂ ಕೆಲಸವನ್ನು ಒಂಟಿಯಾಗಿ ಮಾಡಬಲ್ಲ ಜೀವಿಯೂ ಇದೆಯೆಂದು ತಿಳಿದದ್ದು ತೀರ ಈಚೆಗೆ, 2015ರಲ್ಲಿ. ಅದು ದೊರೆತ ತಾಣಗಳಲ್ಲಿ ಒಂದು, ಮೀನು ಸಾಕಣೆಯ ನೀರನ್ನು ಶೋಧಿಸುವ ಸಾಧನ!

ಮೊಮ್ಮಗಳಿಗಾಗಿ ಅರವತ್ತು ಲೀಟರಿನ ತೊಟ್ಟಿಯೊಂದನ್ನು ತಂದಾಗ, ಮೀನು ತರುವ ಮೊದಲು ಈ ಜೀವಿಗಳನ್ನು ಬೆಳೆಸುವುದೆಂದು ನಿಶ್ಚಯಿಸಿದೆ. ಹಾಲಿಗೆ ಹೆಪ್ಪು ಹಾಕುವಂತೆ, ನಡೆಯುತ್ತಿರುವ ತೊಟ್ಟಿಯ ಶೋಧಕದ ಸ್ಪಂಜನ್ನು ಇದರಲ್ಲಿ ಇಟ್ಟಿದ್ದರೆ ಕೆಲಸ ಬೇಗ ಆಗುತ್ತಿತ್ತು. ನಂಬಬಹುದಾದ ಹೆಪ್ಪು ದೊರೆಯಲಿಲ್ಲ. ರೋಗವಿರುವ ತೊಟ್ಟಿಯಿಂದ ತಂದರೆ ರೋಗವೂ ಬರುತ್ತದೆ. ಹೀಗಾಗಿ ಮೊದಲಿನಿಂದಲೇ ಆರಂಭಿಸಿದೆವು. ಜೀವಿಗಳ ಆಹಾರಕ್ಕೆ ಶುದ್ಧವಾದ ಅಮೋನಿಯಂ ಕ್ಲೋರೈಡನ್ನು ಬಳಸಿದೆ. ಕಲಾಯಿ ಹಾಕುವವರು ಪಾತ್ರೆಗೆ ಉಜ್ಜುತ್ತಿದ್ದ ನವಸಾಗರ ಇದೇ ವಸ್ತು. ನಮ್ಮ ತೊಟ್ಟಿಗೆ ಸುಮಾರು 0.4 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗುತ್ತದೆ.

ಪರೀಕ್ಷೆಯ ಕೆಲಸ ಸುಲಭ, ಆದರೆ ಅವಸರ ಕೂಡದು. ಚಿಕ್ಕ ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರ್ ನೀರು, ಅದಕ್ಕೆ ಎಣಿಸಿದಷ್ಟು ತೊಟ್ಟು ದ್ರಾವಣ. ಹೇಳಿದಷ್ಟು ನಿಮಿಷ ಕಾದು, ಬಿಳಿ ಹಾಳೆಯ ಮುಂದೆ ಹಗಲು ಬೆಳಕಿನಲ್ಲಿ ಹಿಡಿದು ಬಣ್ಣದ ಪಟ್ಟಿಯೊಡನೆ ಹೋಲಿಸಬೇಕು. ಅಮೋನಿಯಾ ಇದ್ದರೆ ಹಸುರು, ಇಲ್ಲದಿದ್ದರೆ ಹಳದಿ. ನೈಟ್ರೈಟ್ ಇದ್ದರೆ ಗುಲಾಬಿ, ಹೆಚ್ಚಾದರೆ ನೇರಳೆ. ಈ ನೇರಳೆಯ ಹಿಂದಿರುವ ರಾಸಾಯನಿಕ ಕ್ರಿಯೆಯನ್ನು ನಮಗೆ ಕೊಟ್ಟವನು ಗ್ರೀಸ್ ಎಂಬ ಜರ್ಮನ್ ರಸಾಯನಜ್ಞ; ಇಂಗ್ಲೆಂಡಿನ ಬಿಯರ್ ತಯಾರಿಕೆಯ ಕಾರ್ಖಾನೆಯೊಂದರಲ್ಲಿ ಅವನು ಬಹುಕಾಲ ದುಡಿದ. ನೈಟ್ರೇಟಿನ ಪರೀಕ್ಷೆಯಲ್ಲಿ ಮಾತ್ರ ಒಂದು ತೊಡಕುಂಟು. ಅದು ನೈಟ್ರೇಟನ್ನು ನೈಟ್ರೈಟಿಗೆ ಇಳಿಸಿ ಅಳೆಯುವ ಉಪಾಯವಾದ್ದರಿಂದ, ನೀರಿನಲ್ಲಿ ನೈಟ್ರೈಟ್ ಉಳಿದಿರುವವರೆಗೆ ಅದರ ಲೆಕ್ಕವನ್ನು ನಂಬಲಾಗದು.

ಒಂಬತ್ತು ದಿನ ನಳಿಕೆ ಹಸುರಾಗಿಯೇ ಉಳಿಯಿತು. ಬಂದ ನೆಂಟರು, “ಇದೇನು ಬರೀ ನೀರನ್ನು ಸಾಕಿದ್ದೀರಿ?” ಎಂದು ನಕ್ಕರು. ಹನ್ನೊಂದನೆಯ ದಿನ ನಸುಗುಲಾಬಿ ಕಾಣಿಸಿತು. ಹದಿನೆಂಟನೆಯ ದಿನ ಅಮೋನಿಯಾ ಸೊನ್ನೆ. ನೈಟ್ರೈಟ್ ಮಾತ್ರ ಪಟ್ಟಿಯ ಕೊನೆಯ ಬಣ್ಣವನ್ನು ಮುಟ್ಟಿ ನಿಂತಿತು.

ಇಪ್ಪತ್ತನೆಯ ದಿನ ಮಗುವಿನ ಹುಟ್ಟುಹಬ್ಬ. ಗೆಳತಿಯರೆಲ್ಲ ಮೀನು ನೋಡಲು ಬರುವವರಿದ್ದರು. “ಅಮೋನಿಯಾ ಇಲ್ಲವಲ್ಲ ಮಾವ, ನಾಲ್ಕಾದರೂ ಬಿಡೋಣ” ಎಂದು ಸೊಸೆ ಕೇಳಿದಳು. ಅವಳ ಮಾತು ಅಸಂಗತವೇನಲ್ಲ. ಅನೇಕರು ಎಡವುವುದು ಇಲ್ಲಿಯೇ. ನೈಟ್ರೈಟ್ ಕಿವಿರಿನ ಮೂಲಕ ರಕ್ತವನ್ನು ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದಾಗುತ್ತದೆ, ರಕ್ತ ಕಂದಾಗುತ್ತದೆ. ನೀರಿನಲ್ಲಿ ಆಮ್ಲಜನಕ ಯಥೇಚ್ಛವಾಗಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ. ಇದನ್ನೆಲ್ಲ ನಾನು ವಿವರಿಸಲು ಹೊರಟಿದ್ದೆ. ಅಷ್ಟರಲ್ಲಿ ಮಗುವೇ ನಳಿಕೆಗೆ ತೊಟ್ಟು ಹಾಕಿ, ಕಿಟಕಿಯ ಬಳಿ ಹಿಡಿದು, “ತಾತ, ಇನ್ನೂ ನೇರಳೆ” ಎಂದಳು. ಗಂಟಲು ಬಿಗಿದಿತ್ತು. ಸಂಜೆ ಗೆಳತಿಯರಿಗೆ ಮೀನಿಲ್ಲದ ತೊಟ್ಟಿಯನ್ನೇ ತೋರಿಸಿದಳು. ನಳಿಕೆಯ ಬಣ್ಣ ಬದಲಾಗುವುದನ್ನು ನೋಡಲು ಅವರು ಗುಂಪುಗೂಡಿದರು.

ಈ ಜೀವಿಗಳ ಕೆಲಸದಿಂದ ಆಮ್ಲ ಹುಟ್ಟುತ್ತದೆ. ಮೃದುನೀರಿನಲ್ಲಿ ಪಿಹೆಚ್ ಕುಸಿದು ಅವುಗಳ ಕೆಲಸವೇ ನಿಂತುಬಿಡಬಹುದು. ಬೇಳೆ ಬೇಯುವುದಿಲ್ಲವೆಂದು ನಾವು ಶಪಿಸುವ ಗಡುಸಾದ ಕೊಳವೆಬಾವಿಯ ನೀರು ಇಲ್ಲಿ ಉಪಕಾರಿ. ಆದರೆ ಪಿಹೆಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚು. ಸಾಮಾನ್ಯ ಉಷ್ಣತೆಯಲ್ಲಿ ಪಿಹೆಚ್ 7 ಇದ್ದಾಗ ಅದರ ಘಾತಕ ರೂಪ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. 8 ಆದಾಗ ಸುಮಾರು ಐದು ಪಾಲು.

ಮೂವತ್ತನಾಲ್ಕನೆಯ ದಿನ ನೇರಳೆ ಮಾಯವಾಯಿತು. ಮತ್ತೆ 2 ಮಿಲಿಗ್ರಾಂ ಲೆಕ್ಕದ ನವಸಾಗರ ಹಾಕಿದೆವು. ಮರುದಿನಕ್ಕೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಶೇಖರವಾಗಿದ್ದ ನೈಟ್ರೇಟನ್ನು ತಗ್ಗಿಸಲು ಬಹುಪಾಲು ನೀರನ್ನು ಬದಲಿಸಿ, ಆರು ಜೀಬ್ರಾ ಮೀನುಗಳನ್ನು ತಂದು ಬಿಟ್ಟೆವು. ಪರೀಕ್ಷೆಯನ್ನು ಮಾತ್ರ ಇನ್ನೂ ಒಂದು ತಿಂಗಳು ಬಿಡಲಿಲ್ಲ.

ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ; ಕ್ಲೋರಿನ್ ಆ ಜೀವಿಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿದರೆ ಸಾಕು. ಆ ನೀರನ್ನು ಚರಂಡಿಗೆ ಚೆಲ್ಲುವುದೂ ಬೇಡ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ. ನಮ್ಮ ಹಿತ್ತಿಲ ಕರಿಬೇವಿನ ಗಿಡ ವಾರಕ್ಕೊಮ್ಮೆ ಅದನ್ನೇ ಕುಡಿಯುತ್ತಿದೆ.